ಅಪ್ಪನ ಪಾಸ್‌ಬುಕ್ಕಿನಲ್ಲಿ ಗುರುತಿಲ್ಲದ ಹತ್ತು ಸಾಲು, ಯಾರಿಗಾದರೂ ಅರ್ಥ ಆಗುತ್ತದಾ?

ಮಲ್ಲಿಗೆಬಳ್ಳಿ · ಶನಿವಾರ ರಾತ್ರಿ 8.40
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ನೀರ್ಚಾಲು ಕಡೆಯವಳು. ಅಪ್ಪನಿಗೆ 68 ವರ್ಷ, ಅಡಿಕೆ ತೋಟ. ವಿಷುವಿನ ಸಮಯದಲ್ಲಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದ್ದು ಬಿಟ್ಟರೆ ಮತ್ತೆ ನಿನ್ನೆಯೇ. ಮೆಷಿನ್ ಎರಡು ಪುಟ ತುಂಬಿಸಿ ಕೊಟ್ಟಿದೆ. ಇವತ್ತು ಸಂಜೆ ಕೂತು ನೋಡಿದರೆ ಹತ್ತು ಸಾಲು ಎಂತದೆಂದೇ ಗೊತ್ತಾಗುತ್ತಿಲ್ಲ. ಎಲ್ಲವೂ ಖರ್ಚಿನ ಕಾಲಮಿನಲ್ಲಿ:

20.00
295.00
23.60
1,180.00 (ಗುರುಗ್ರಾಮ ಅಂತ ಉಂಟು, ಮುಂದೆ ಯಾವುದೋ ರಿಟೇಲ್ ಪ್ರೈವೇಟ್… ಅರ್ಧದಲ್ಲೇ ತುಂಡಾಗಿದೆ)
86.40
4,312.00
4,312.00
3.56
178.09
178.09

ಕೊನೆಯ ಆರು ಒಂದೇ ದಿನದ್ದು, ಈ ಬುಧವಾರದ್ದು. ಅಪ್ಪ "ನಾನು ಕಾರ್ಡನ್ನು ಕಪಾಟಿನಿಂದ ತೆಗೆಯಲೇ ಇಲ್ಲ" ಅನ್ನುತ್ತಾರೆ. ಇವತ್ತು ಎರಡನೇ ಶನಿವಾರ, ಬ್ಯಾಂಕ್ ಇಲ್ಲ. ಸೋಮವಾರ ಹೋಗಿ ಕೇಳಿದರೆ ಸಾಕಲ್ವಾ? ಇಲ್ಲಿ ಮಳೆ, ಕರೆಂಟ್ ಇಲ್ಲ, ಫೋನಿನಲ್ಲಿ 14 ಪರ್ಸೆಂಟ್ ಉಂಟು. ಉತ್ತರ ತಡವಾದರೆ ಬೇಜಾರು ಮಾಡಬೇಡಿ.

ಗಡಿನಾಡ ಹುಡುಗ · 8.44
ಮೊದಲು ಕಾರ್ಡ್ ಬ್ಲಾಕ್ ಮಾಡಿ ಅಕ್ಕ. ಉಳಿದದ್ದು ಆಮೇಲೆ.

ಪೆರ್ಲದ ಭಾವ · 8.51
ಎಲ್ಲದಕ್ಕೂ ಬ್ಲಾಕ್ ಬ್ಲಾಕ್ ಅಂತ ಹೆದರಿಸಬೇಡಿ ಮಾರಾಯ್ರೆ. ಹೋದ ವರ್ಷ ನಾನೂ ಹೀಗೆಯೇ ಗಾಬರಿಯಾಗಿ ಬ್ಲಾಕ್ ಮಾಡಿಸಿದೆ. ಆಮೇಲೆ ನೋಡಿದರೆ ಅದು ನಾನೇ ಕಟ್ಟಿದ ಕರೆಂಟ್ ಬಿಲ್ಲು! ನಡುವಿನಲ್ಲಿ ಹಣ ದಾಟಿಸುವ ಕಂಪನಿಯ ಹೆಸರು ಬಂದಿತ್ತು, ನನಗೆ ಗೊತ್ತಾಗಲಿಲ್ಲ. ಹೊಸ ಕಾರ್ಡ್ ಬರಲು ಹದಿನಾರು ದಿನ, ಅದಕ್ಕೆ ಬೇರೆ ದುಡ್ಡು. ಮನೆಯಲ್ಲಿ ಈಗಲೂ ಮದುವೆ ಮುಂಜಿ ಅಂತ ನಾಲ್ಕು ಜನ ಸೇರಿದರೆ ಅದೇ ಕಥೆ.

ಮೊದಲು ಏನು ಖರೀದಿ ಮಾಡಿದ್ದು ಅಂತ ನೆನಪು ಮಾಡಿಕೊಳ್ಳಿ. ಹತ್ತರಲ್ಲಿ ಒಂಬತ್ತು ನಮ್ಮದೇ ಆಗಿರುತ್ತದೆ.

ನಿವೃತ್ತ ಕ್ಯಾಷಿಯರ್ · 9.05
ಭಾವ ಹೇಳಿದ್ದು ಮೊದಲ ನಾಲ್ಕು ಸಾಲಿಗೆ ಸರಿ, ಕೊನೆಯ ಆರಕ್ಕೆ ಅಲ್ಲ. ಒಂದೊಂದಾಗಿ ನೋಡೋಣ.

20 ರೂಪಾಯಿ: ಪ್ರಧಾನಮಂತ್ರಿ ಸುರಕ್ಷಾ ಬಿಮಾದ ವರ್ಷದ ಕಂತು. ಮೇ ಕೊನೆಗೆ ಖಾತೆಯಿಂದ ತಾನಾಗಿ ಹೋಗುತ್ತದೆ. ಮೊದಲು 12 ಇತ್ತು, 2022ರ ಜೂನಿನಿಂದ 20 ಆಯಿತು. ಅಪ್ಪ ಯಾವಾಗಲೋ ಫಾರಂಗೆ ಸಹಿ ಹಾಕಿರುತ್ತಾರೆ.

295: ಕಾರ್ಡಿನ ವರ್ಷದ ಶುಲ್ಕ. 250ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಅಂದರೆ 45. ಕೂಡಿಸಿ ನೋಡಿ.

23.60: ಇದೂ ಹಾಗೆಯೇ, 20ಕ್ಕೆ 3.60 ಜಿಎಸ್‌ಟಿ. ಹೆಚ್ಚಾಗಿ ಎಟಿಎಂನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಹಣ ಒತ್ತಿ, ಸಾಕಷ್ಟು ಹಣ ಇಲ್ಲ ಅಂತ ವಾಪಸ್ ಬಂದದ್ದಕ್ಕೆ ದಂಡ.

ಗುರುತಿಲ್ಲದ ಮೊತ್ತ ಕಂಡಾಗ ಅದನ್ನು 1.18ರಿಂದ ಭಾಗಿಸಿ ನೋಡಿ. ಗುಂಡಗಿನ ಸಂಖ್ಯೆ ಬಂದರೆ ಅದು ಬ್ಯಾಂಕಿನ ಶುಲ್ಕ ಅಂತ ಮೊದಲು ಸಂಶಯ ಪಡಬಹುದು. ಕೌಂಟರಿನಲ್ಲಿ ಕೂತ ಕಾಲದಲ್ಲಿ ನನ್ನ ಅರ್ಧ ಜಗಳ ಹೀಗೆಯೇ ಮುಗಿಯುತ್ತಿತ್ತು.

ಈಗ ಕೊನೆಯದಕ್ಕೆ ಬನ್ನಿ. 4,312ಕ್ಕೆ ಮೂರೂವರೆ ಪರ್ಸೆಂಟ್ ಎಷ್ಟು? 150.92. ಅದಕ್ಕೆ ಜಿಎಸ್‌ಟಿ 27.17. ಕೂಡಿಸಿದರೆ 178.09. 86.40ಕ್ಕೂ ಅದೇ ಲೆಕ್ಕ ಹಾಕಿ, 3.56 ಬರುತ್ತದೆ. ಇದು ವಿದೇಶಿ ಹಣದ ವಹಿವಾಟಿಗೆ ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ, ಮಾರ್ಕಪ್ ಅನ್ನುತ್ತಾರೆ. ಅಂದರೆ ಮೂರು ಖರೀದಿಯೂ ಹೊರದೇಶದ ಅಂಗಡಿಯಲ್ಲಿ ಆದದ್ದು. ಅಪ್ಪ ಕಾರ್ಡ್ ಕಪಾಟಿನಲ್ಲಿಟ್ಟು ಅಡಿಕೆ ಸುಲಿಯುತ್ತಾ ಕೂತಿದ್ದರೆ ಇದನ್ನು ಮಾಡಿದ್ದು ಅವರಲ್ಲ.

ಸೋಮವಾರದವರೆಗೆ ಕಾಯಬೇಡಿ. ಕಾರ್ಡಿನ ಹಿಂದೆ ಇರುವ ನಂಬರಿಗೆ ಈಗಲೇ ಫೋನ್ ಮಾಡಿ.

ಪೆರ್ಲದ ಭಾವ · 9.08
ಸರಿ ಕ್ಯಾಷಿಯರ್ ಸಾರ್, ಒಪ್ಪಿದೆ. 178.09ರ ಲೆಕ್ಕ ನನಗೆ ಹೊಳೆಯಲೇ ಇಲ್ಲ.

ಕುಂಬಳೆ ಕಡಲು · 9.10
20 ರೂಪಾಯಿದು ನಿಲ್ಲಿಸಬೇಡಿ ಅಕ್ಕ. ಅಪಘಾತದಲ್ಲಿ ಸತ್ತರೆ 2 ಲಕ್ಷ. 70 ವರ್ಷದವರೆಗೆ ಉಂಟು. ನಮ್ಮಲ್ಲಿ ಅಡಿಕೆ ಗೊನೆ ತೆಗೆಯಲು ಬರುವವರಿಗೆ ನಾನೇ ಫಾರಂ ತುಂಬಿಸಿ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಅಡಿಕೆ ಮರ ಹತ್ತುವವರಿಗೆ ಬೇರೆ ಯಾರು ಕೊಡ್ತಾರೆ ವಿಮೆ?

ಉಪ್ಪಳ ಎಕ್ಸ್‌ಪ್ರೆಸ್ · 9.12
ಒಟಿಪಿ ಇಲ್ಲದೆ ಹಣ ಹೋಗುವುದು ಹೇಗೆ? ಅಪ್ಪ ಯಾರಿಗೋ ಒಟಿಪಿ ಹೇಳಿರ್ತಾರೆ. ಹಿರಿಯರು ಒಪ್ಪಿಕೊಳ್ಳುವುದಿಲ್ಲ ಅಷ್ಟೇ.

ಶಾರ್ಜಾ ಕನ್ನಡಿಗ · 9.20
ಹಾಗೆ ಹೇಳಬೇಡಿ. ನಮ್ಮ ದೇಶದ ಒಳಗಿನ ಆನ್‌ಲೈನ್ ಖರೀದಿಗೆ ಒಟಿಪಿಯಂಥ ಎರಡನೇ ತಪಾಸಣೆ ಬೇಕು. ಹೊರದೇಶದ ಎಷ್ಟೋ ಸೈಟುಗಳು ಅದನ್ನು ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ, ಹಿಂದಿನ ಮೂರು ಅಂಕೆ ಇದ್ದರೆ ಮುಗಿಯಿತು. ನನ್ನದೇ ಕಾರ್ಡಿನಿಂದ ಇಲ್ಲಿ ದಿನಾ ಖರೀದಿ ಮಾಡುತ್ತೇನೆ, ಒಟಿಪಿ ಕಂಡದ್ದು ಕಡಿಮೆ.

ಆದರೆ ಒಂದು ಪ್ರಶ್ನೆ. 2020ರ ಮಾರ್ಚಿನ ನಂತರ ಕೊಟ್ಟ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಆಫ್ ಇರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ನಾವು ಕೇಳಿದರೆ ಮಾತ್ರ ಆನ್. ಅಪ್ಪನದು ಆನ್ ಆದದ್ದು ಹೇಗೆ?

ಮಲ್ಲಿಗೆಬಳ್ಳಿ · 9.31
ಅಯ್ಯೋ. ಎರಡು ವರ್ಷದ ಹಿಂದೆ ಅಪ್ಪ ಅಮ್ಮ ತಮ್ಮನ ಮನೆಗೆ ಹೋಗಿದ್ದರು, ಶಾರ್ಜಾಕ್ಕೇ. ಆಗ ನಾನೇ ಬ್ರಾಂಚಿಗೆ ಹೋಗಿ ಆನ್ ಮಾಡಿಸಿದ್ದೆ. ಆಫ್ ಮಾಡಿಸಿದ ನೆನಪಿಲ್ಲ.

1,180 ಗೊತ್ತಾಯಿತು. ಹುಲ್ಲು ಕೊಚ್ಚುವ ಮೆಷಿನಿನ ಬ್ಲೇಡ್! ಆನ್‌ಲೈನಿನಲ್ಲಿ ನಾನೇ ತರಿಸಿದ್ದು, ಒಟಿಪಿ ಅಪ್ಪನ ಹತ್ತಿರ ಕೇಳಿದ್ದೆ. ಗುರುಗ್ರಾಮದ ಹೆಸರು ನೋಡಿ ತಲೆ ಓಡಲಿಲ್ಲ.

ಈಗ ಫೋನ್ ಮಾಡಲು ಹೊರಟಿದ್ದೇನೆ. ಕಾರ್ಡ್ ಹಿಂದಿನ ನಂಬರ್ ಅಳಿಸಿ ಹೋಗಿದೆ. ನೆಟ್ಟಿನಲ್ಲಿ ಹುಡುಕಲಾ?

ಮೊಬೈಲ್ ಅಂಗಡಿ ಬದಿಯಡ್ಕ · 9.32
ಬೇಡ ಬೇಡ ಬೇಡ!! ಹುಡುಕಿದಾಗ ಮೇಲೆ ಬರುವ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತದೆ. ನಮ್ಮ ಅಂಗಡಿಗೆ ಬರುವ ಗಿರಾಕಿಯೊಬ್ಬರು ಹಾಗೆ ಸಿಕ್ಕ ನಂಬರಿಗೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು, ಇದ್ದದ್ದನ್ನೂ ಕಳೆದುಕೊಂಡರು. ಪಾಸ್‌ಬುಕ್ಕಿನ ಒಳ ರಟ್ಟಿನಲ್ಲಿ ನೋಡಿ. ಇಲ್ಲದಿದ್ದರೆ ಬ್ಯಾಂಕಿನ ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ.

ಸಹಾಯ ಬಳಗ 24 · 9.35
ಮೇಡಂ ಹೆದರಬೇಡಿ. ಪಾಸ್‌ಬುಕ್ ಪುಟದ ಫೋಟೋ, ಕಾರ್ಡಿನ ಎರಡೂ ಬದಿಯ ಫೋಟೋ ನನಗೆ ಇನ್‌ಬಾಕ್ಸಿಗೆ ಕಳಿಸಿ. ಹತ್ತು ನಿಮಿಷದಲ್ಲಿ ಹಣ ವಾಪಸ್ ಮಾಡಿಸಿ ಕೊಡುತ್ತೇನೆ.

ಗಡಿನಾಡ ಹುಡುಗ · 9.36
ಬಂದ ನೋಡಿ. ಹೆಣ ಏಳುವ ಮೊದಲೇ ವಡೆ ಕೇಳುವವ.

ಪೆರ್ಲದ ಭಾವ · 9.37
ಅಕ್ಕ, ಇವನಿಗೆ ಏನೂ ಕಳಿಸಬೇಡಿ. ನಿರ್ವಾಹಕರೇ, ಈ ಖಾತೆಯನ್ನು ಮೊದಲು ಹೊರಗೆ ಹಾಕಿ.

ನಿರ್ವಾಹಕ · 9.41
ಹಾಕಿ ಆಯಿತು.

ಮಲ್ಲಿಗೆಬಳ್ಳಿ · 10.15
ಪಾಸ್‌ಬುಕ್ಕಿನ ಒಳಗೇ ನಂಬರ್ ಸಿಕ್ಕಿತು. ಕಾರ್ಡ್ ಬ್ಲಾಕ್ ಆಯಿತು. ದೂರಿನ ನಂಬರ್ ಎಸ್ಎಂಎಸ್ ಬಂದಿದೆ. ಮಲಯಾಳ, ಇಂಗ್ಲಿಷ್, ಹಿಂದಿ ಅಂತ ಮೂರೇ ಆಯ್ಕೆ ಕೊಟ್ಟರು. ಅಪ್ಪ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. "ಕಾರ್ಡ್ ನನ್ನದೇ, ಕದ್ದವನು ಯಾರು ಅಂತ ನೀವು ಹೇಳಿ" ಅಂತ ಆ ಹುಡುಗಿಗೇ ಜೋರು ಮಾಡಿದರು. ಪಾಪ ಅವಳು "ಅಂಕಲ್, ಒಂದು ನಿಮಿಷ" ಅಂತ ನಾಲ್ಕು ಸಲ ಹೇಳಿದಳು.

ಮತ್ತೆ ಅಪ್ಪನ ಫೋನ್ ನೋಡಿದೆ. ಬಟನ್ ಫೋನ್, ಅಂಗಿ ಜೇಬಿನಲ್ಲಿ, ಅಂಗಿ ಮೊಳೆಯಲ್ಲಿ. ಓದದ ಮೆಸೇಜು 143. ಎರಡು ಜಿಬಿ ಡೇಟಾ, ಚಿನ್ನದ ಸಾಲ, ಅದರ ನಡುವೆ ಬುಧವಾರ ರಾತ್ರಿ 12.07ಕ್ಕೆ ಬ್ಯಾಂಕಿನದ್ದು ಒಂದು, 12.09ಕ್ಕೆ ಒಂದು, 12.10ಕ್ಕೆ ಒಂದು. ಮೂರನ್ನೂ ತೆರೆದೇ ಇಲ್ಲ.

ಉಪ್ಪಳ ಎಕ್ಸ್‌ಪ್ರೆಸ್ · 10.18
ಹಾಗಾದರೆ ಹೋಯಿತು. ಮೂರು ದಿನದ ಒಳಗೆ ಹೇಳಬೇಕಿತ್ತು. ಬುಧ, ಗುರು, ಶುಕ್ರ. ಮುಗಿಯಿತಲ್ಲ.

ನಿವೃತ್ತ ಕ್ಯಾಷಿಯರ್ · 10.34
ಮುಗಿಯಲಿಲ್ಲ. ಅರ್ಧ ನಿಯಮ ಹೇಳಿ ಜನರ ಎದೆ ಒಡೆಯಬೇಡಿ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದು. ಗಿರಾಕಿಯ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಕಳವಾಗಿದೆ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ಮೇಲೆ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ನಮ್ಮ ಮೇಲೆ ಒಂದು ಪೈಸೆಯೂ ಇಲ್ಲ. ಕೆಲಸದ ದಿನ, ಗಮನಿಸಿ. ಮೆಸೇಜ್ ಬಂದ ದಿನವನ್ನು ಎಣಿಸುವ ಹಾಗಿಲ್ಲ. ಬುಧವಾರ ಬಿಡಿ. ಗುರುವಾರ ಒಂದು, ಶುಕ್ರವಾರ ಎರಡು. ಎರಡನೇ ಶನಿವಾರ ರಜೆ, ಭಾನುವಾರ ರಜೆ. ಸೋಮವಾರ ಮೂರು. ಇವರು ಶನಿವಾರ ರಾತ್ರಿಯೇ ಹೇಳಿಯಾಯಿತು.

ನಾಲ್ಕರಿಂದ ಏಳನೇ ದಿನದ ಒಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000ದವರೆಗೆ ನಮ್ಮ ತಲೆಗೆ ಬರಬಹುದು, ಝೀರೋ ಬ್ಯಾಲೆನ್ಸ್ ಖಾತೆಗೆ 5,000. ಇವರದ್ದು ಒಟ್ಟು 9,070 ರೂಪಾಯಿ 14 ಪೈಸೆ. ಅಂದರೆ ಮಂಗಳವಾರಕ್ಕೆ ಜಾರಿದ್ದರೆ ಪೂರ್ತಿಯೇ ಹೋಗುವ ಸಾಧ್ಯತೆ ಇತ್ತು! ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು.

ಒಟಿಪಿಯನ್ನೋ ಪಿನ್ನನ್ನೋ ನಾವೇ ಕೊಟ್ಟಿದ್ದರೆ ಕಥೆ ಬೇರೆ. ತಿಳಿಸುವವರೆಗಿನ ನಷ್ಟ ನಮ್ಮದೇ. ಆದರೆ ಗಿರಾಕಿಯ ತಪ್ಪು ಅಂತ ತೋರಿಸುವ ಹೊಣೆ ಬ್ಯಾಂಕಿನದು. ಅಪ್ಪ ಹೇಳಿರ್ತಾರೆ ಅಂತ ಊಹೆ ಮಾಡಿದರೆ ಸಾಲದು.

ಉಪ್ಪಳ ಎಕ್ಸ್‌ಪ್ರೆಸ್ · 10.37
ಸರಿ, ತಪ್ಪಾಯಿತು. ಅಕ್ಕ, ಅಪ್ಪನಿಗೆ ಹೇಳಬೇಡಿ ನಾನು ಹಾಗೆ ಹೇಳಿದ್ದು.

ಅಕ್ಕಯ್ಯ · 10.40
86.40 ಯಾಕೆ? ಕಳ್ಳನಿಗೆ ಅಷ್ಟು ಸಣ್ಣ ಹಣ ಎಂತಕ್ಕೆ?

ಮೊಬೈಲ್ ಅಂಗಡಿ ಬದಿಯಡ್ಕ · 10.44
ಅದು ಬಾವಿಗೆ ಕಲ್ಲು ಹಾಕಿ ನೀರು ಉಂಟಾ ನೋಡುವ ಹಾಗೆ ಅಕ್ಕಯ್ಯ. ಕಾರ್ಡ್ ಜೀವಂತ ಉಂಟಾ ಅಂತ ಮೊದಲು ಸಣ್ಣದಾಗಿ ಎಳೆದು ನೋಡುತ್ತಾರೆ. ಹೋಯಿತಾ, ಎರಡು ನಿಮಿಷ ಬಿಟ್ಟು ದೊಡ್ಡದು. 12.07, 12.09 ನೋಡಿ, ಸರಿಯಾಗಿ ಹಾಗೆಯೇ. ಸಣ್ಣ ಮೊತ್ತ ಅಂತ ಸುಮ್ನೆ ಬಿಡುವವರೇ ಜಾಸ್ತಿ.

ಆದರೆ 1 ರೂಪಾಯಿ, 2 ರೂಪಾಯಿ ಹೋಗಿ ವಾಪಸ್ ಬಂದದ್ದಾದರೆ ಹೆದರಬೇಡಿ. ಯಾವುದಾದರೂ ಆ್ಯಪಿಗೆ ಕಾರ್ಡ್ ಸೇರಿಸಿದಾಗ ಹಾಗೆ ಮಾಡುತ್ತಾರೆ.

ಕುಂಬಳೆ ಕಡಲು · 10.52
ಹೆಸರಿನ ವಿಷಯ ಬಂದದ್ದಕ್ಕೆ ನನ್ನದೂ ಒಂದು. ಮಂಗಳೂರಿಗೆ ಹೋದವನು ಗೆಳೆಯರ ಜೊತೆ ಊಟ ಮಾಡಿ ಕಾರ್ಡ್ ಉಜ್ಜಿದೆ. ಊಟವೇ, ಬೇರೆ ಏನೂ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಬಂದದ್ದು ಯಾವುದೋ "ವೈನ್ಸ್". ಹೋಟೆಲಿನವರ ಹಳೆಯ ವ್ಯಾಪಾರದ ಹೆಸರಿನಲ್ಲೇ ಮೆಷಿನ್ ಇತ್ತಂತೆ. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಕೊನೆಗೆ ಬಿಲ್ಲು ಹುಡುಕಿ ನೀರ್ ದೋಸೆ, ಮೀನು ಸಾರು ಅಂತ ತೋರಿಸಿದ ಮೇಲೆಯೇ ಚಹಾ ಸಿಕ್ಕಿದ್ದು.

ಪೆರ್ಲದ ಭಾವ · 10.54
ಬಿಲ್ಲಿನಲ್ಲಿ ಬರೀ ನೀರ್ ದೋಸೆಯಾ? ಪೂರ್ತಿ ಬಿಲ್ಲು ಹಾಕಿ ನೋಡೋಣ.

ಕುಂಬಳೆ ಕಡಲು · 10.55
ಭಾವ, ವಿಷಯಾಂತರ ಬೇಡ.

ನಿವೃತ್ತ ಕ್ಯಾಷಿಯರ್ · 11.02
ಕಡಲು ಹೇಳಿದ್ದು ನಗುವ ವಿಷಯವಾದರೂ ನಿಜ. ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ನೋಂದಣಿಯಲ್ಲಿ ಒಂದು. ಆನ್‌ಲೈನ್ ಆದರೆ ಎಷ್ಟೋ ಸಲ ರೇಜರ್‌ಪೇ, ಪೇಯು, ಬಿಲ್‌ಡೆಸ್ಕ್ ಹೀಗೆ ಹಣ ದಾಟಿಸುವವರ ಹೆಸರು ಮಾತ್ರ. ಊರು ಅಂತ ಬರುವುದು ಕಂಪನಿಯ ಕಚೇರಿ ಇರುವ ಊರು. ಬದಿಯಡ್ಕದಲ್ಲಿ ಕೂತು ಕೊಂಡರೂ ಮುಂಬೈ ಅಂತ ಬರಬಹುದು. ದಿನಾಂಕವೂ ಒಂದೆರಡು ದಿನ ಮುಂದೆ ಹೋಗಬಹುದು. ಪಾಸ್‌ಬುಕ್ಕಿನಲ್ಲಿ ಜಾಗ ಕಡಿಮೆ, ಹೆಸರು ತುಂಡಾಗುತ್ತದೆ. ಬ್ರಾಂಚಿನಲ್ಲಿ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ.

ಶಾರ್ಜಾ ಕನ್ನಡಿಗ · 11.10
1930ಕ್ಕೂ ಫೋನ್ ಮಾಡಿ ಅಕ್ಕ. ಸೈಬರ್ ಪೊಲೀಸರದ್ದು, ರಾತ್ರಿಯೂ ಇರುತ್ತದೆ. ಬ್ಯಾಂಕಿಗೆ ಹೇಳಿದ್ದು ಒಂದು, ಇದು ಇನ್ನೊಂದು.

ಮಲ್ಲಿಗೆಬಳ್ಳಿ · ಭಾನುವಾರ ಬೆಳಿಗ್ಗೆ 7.15
ರಾತ್ರಿ ಫೋನ್ ಸತ್ತೇ ಹೋಯಿತು. ಬೆಳಿಗ್ಗೆ ಕರೆಂಟ್ ಬಂದ ಮೇಲೆ 1930ಕ್ಕೆ ಮಾಡಿದೆ. ಅದರದ್ದೂ ನಂಬರ್ ಸಿಕ್ಕಿತು. ಅಪ್ಪ ತಿಂಡಿ ತಿನ್ನಲಿಲ್ಲ. "ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಯವನು ದಿನಾ ಮನೆಗೇ ಬಂದು ಉಳಿತಾಯದ ಹಣ ತೆಗೆದುಕೊಂಡು ಹೋಗುತ್ತಿದ್ದ, ಒಂದು ದಿನ ನಾಲ್ಕಾಣೆ ಆಚೀಚೆ ಆಗಲಿಲ್ಲ" ಅಂತ ಶುರು ಮಾಡಿದ್ದಾರೆ.

ನಿವೃತ್ತ ಕ್ಯಾಷಿಯರ್ · 7.50
ನಿಮ್ಮ ಅಪ್ಪನ ಹತ್ತಿರ ಒಮ್ಮೆ ಕೂತು ಮಾತಾಡಬೇಕು. ಪಿಗ್ಮಿ ಶುರುವಾದದ್ದು 1928ರಲ್ಲಿ. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಹೋಗಿ ಕೆನರಾದಲ್ಲಿ ಸೇರಿತು, ಅದೇ ದಿನ ಕಾರ್ಪೊರೇಷನ್ ಹೋಗಿ ಯೂನಿಯನ್‌ನಲ್ಲಿ. ವಿಜಯಾ ಅದಕ್ಕೂ ಒಂದು ವರ್ಷ ಮೊದಲೇ ಬರೋಡಾದಲ್ಲಿ. ನಮ್ಮ ಕರಾವಳಿಯ ಮೂರು ಬೋರ್ಡೂ ಇಳಿದವು.

ಗಡಿನಾಡ ಹುಡುಗ · 8.20
ಬೋರ್ಡಿನ ಜೊತೆ ಕನ್ನಡವೂ ಇಳಿಯಿತು. ಮೊದಲು ಕೌಂಟರಿನಲ್ಲಿ ಕನ್ನಡ, ತುಳು ಎಲ್ಲ ನಡೆಯುತ್ತಿತ್ತು. ಈಗ ನಮ್ಮ ಬ್ರಾಂಚಿನಲ್ಲಿ ಇರುವವರೆಲ್ಲ ದೂರದ ಜಿಲ್ಲೆಯವರು. ಫಾರಂ ಮಲಯಾಳ, ಹಿಂದಿ, ಇಂಗ್ಲಿಷ್. ಕಾಸರಗೋಡು, ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಓದಿದ ಅಜ್ಜ ಅಜ್ಜಿಯರು ಎಂತ ಓದಿ ಸಹಿ ಹಾಕುವುದು?

ಸೀತಾಂಗೋಳಿಯವ · 8.33
ಆ ಹುಡುಗರ ತಪ್ಪೇನಿಲ್ಲ ಅಣ್ಣ. ನಮ್ಮ ಬ್ರಾಂಚಿಗೆ ಬಂದ ಒಬ್ಬಳು ಆರು ತಿಂಗಳಲ್ಲಿ "ಎಷ್ಟು ಬೇಕು, ಸಹಿ ಹಾಕಿ, ನಾಳೆ ಬನ್ನಿ" ಕಲಿತಿದ್ದಾಳೆ. "ನಾಳೆ ಬನ್ನಿ" ಮಾತ್ರ ತುಂಬ ಚೆನ್ನಾಗಿ ಬರುತ್ತದೆ.

ನಿವೃತ್ತ ಕ್ಯಾಷಿಯರ್ · 8.45
ನಗು ಬಂತು. ಉಪಯೋಗದ ಒಂದು ಮಾತು ಹೇಳುತ್ತೇನೆ. ದೂರು ಕೊಟ್ಟು 30 ದಿನ ಆದರೂ ಬ್ಯಾಂಕ್ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು. ಖರ್ಚಿಲ್ಲ. ಅದರ ಸಹಾಯವಾಣಿ 14448, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮಲ್ಲಿಗೆಬಳ್ಳಿ, ನಾಳೆ ಬ್ರಾಂಚಿಗೆ ಹೋದಾಗ ಕಾಗದದಲ್ಲಿ ಬರೆದು ಕೊಡಿ, ನಕಲಿಗೆ ಸೀಲು ಹಾಕಿಸಿ. ಮೂರು ಖರೀದಿಯ ಜೊತೆ ಮಾರ್ಕಪ್ಪಿನ ಮೂರು ಸಾಲನ್ನೂ ಬರೆಯಿರಿ. ಬ್ಲೇಡಿನ 1,180 ಸೇರಿಸಬೇಡಿ. ನಿಮ್ಮದೇ ಖರೀದಿಯನ್ನು ಮೋಸ ಅಂತ ಬರೆದರೆ ಉಳಿದದ್ದರ ಮೇಲೂ ಸಂಶಯ ಬರುತ್ತದೆ.

ಮಲ್ಲಿಗೆಬಳ್ಳಿ · ಸೋಮವಾರ ಮಧ್ಯಾಹ್ನ 1.20
ಕೊಟ್ಟು ಬಂದೆ. ಮೊದಲು "ಪೊಲೀಸ್ ಎಫ್‌ಐಆರ್ ಆಗದೆ ತೆಗೆದುಕೊಳ್ಳುವುದಿಲ್ಲ" ಅಂದರು. ಶನಿವಾರದ ದೂರಿನ ನಂಬರ್, 1930ರ ನಂಬರ್ ಎರಡೂ ತೋರಿಸಿ, 2017ರ ಸುತ್ತೋಲೆ ಅಂದೆ. ಒಳಗೆ ಹೋಗಿ ಮ್ಯಾನೇಜರಿಗೆ ಕೇಳಿ ಬಂದು ಸೀಲು ಹಾಕಿದರು. ಹತ್ತು ಕೆಲಸದ ದಿನ ಅಂದಿದ್ದಾರೆ.

ನಿವೃತ್ತ ಕ್ಯಾಷಿಯರ್ · 1.45
ಅದೂ ಅದೇ ಸುತ್ತೋಲೆಯಲ್ಲಿ ಉಂಟು. ತಿಳಿಸಿದ ಮೇಲೆ ಹತ್ತು ಕೆಲಸದ ದಿನದ ಒಳಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನದ ಒಳಗೆ ತೀರ್ಮಾನ. ಅಲ್ಲಿಯವರೆಗೆ ಆ ಹಣ ಖರ್ಚು ಮಾಡಬೇಡಿ.

ಅಕ್ಕಯ್ಯ · 4.10
ಇದೆಲ್ಲ ಓದಿ ನನ್ನ ಸ್ಟೇಟ್‌ಮೆಂಟ್ ತೆಗೆದೆ. ಪ್ರತಿ ತಿಂಗಳು 199 ಹೋಗುತ್ತಾ ಉಂಟು, ಎಂಟು ತಿಂಗಳಿಂದ! ಮೊಮ್ಮಗ ರಜೆಗೆ ಬಂದಾಗ ಒಂದು ತಿಂಗಳು ಉಚಿತ ಅಂತ ಎಂತದೋ ಸಿನಿಮಾ ಆ್ಯಪ್ ಹಾಕಿದ್ದ.

ಮೊಬೈಲ್ ಅಂಗಡಿ ಬದಿಯಡ್ಕ · 4.22
ಅದು ಮೋಸ ಅಲ್ಲ ಅಕ್ಕಯ್ಯ, ಆಟೋ ಪೇ. ನಮ್ಮಲ್ಲಿ ಇಂಥದಕ್ಕೆ ಹಣ ಎಳೆಯುವ 24 ಗಂಟೆ ಮೊದಲು ಮೆಸೇಜ್ ಬರಬೇಕು, ಅದರಲ್ಲೇ ಬೇಡ ಅನ್ನುವ ದಾರಿಯೂ ಇರಬೇಕು. ನಿಮ್ಮ ಮೆಸೇಜುಗಳಲ್ಲಿ ಹುಡುಕಿ. ಆ್ಯಪ್ ಅಳಿಸಿದರೆ ಸಾಲದು, ಸಬ್‌ಸ್ಕ್ರಿಪ್ಷನ್ ರದ್ದು ಮಾಡಬೇಕು. ಗೊತ್ತಾಗದಿದ್ದರೆ ಅಂಗಡಿಗೆ ಬನ್ನಿ, ಚಹಾ ಕುಡಿದು ಹೋಗಿ.

ಅಕ್ಕಯ್ಯ · 4.25
ಎಂಟು ತಿಂಗಳಲ್ಲಿ ಒಂದು ಸಿನಿಮಾ ನೋಡಲಿಲ್ಲ ನಾನು. ಈ ತಿಂಗಳು ನೋಡಿಯೇ ರದ್ದು ಮಾಡುವುದು.

ಮಲ್ಲಿಗೆಬಳ್ಳಿ · ಎರಡು ವಾರದ ನಂತರ
ಒಂಬತ್ತನೇ ಕೆಲಸದ ದಿನಕ್ಕೆ 8,710.40 ಜಮೆ ಆಯಿತು. ಮಾರ್ಕಪ್ಪಿನ 359.74 ಬರಲಿಲ್ಲ. ಅದಕ್ಕೆ ಮತ್ತೊಂದು ಕಾಗದ ಕೊಟ್ಟು ಸೀಲು ಹಾಕಿಸಿದ್ದೇನೆ. ಹೊಸ ಕಾರ್ಡ್ ಬಂದಿದೆ, ವಿದೇಶಿ ಬಳಕೆ ಆಫ್ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಅಪ್ಪ ಈಗ ದಿನಾ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದುಕೊಂಡು ಬರುತ್ತಾರೆ. ಎಲ್ಲ ಮೆಸೇಜೂ ನಾನು ಗಟ್ಟಿಯಾಗಿ ಓದಬೇಕು. ಎರಡು ಜಿಬಿ ಡೇಟಾದ್ದೂ ಬಿಡುವ ಹಾಗಿಲ್ಲ.

ನಿವೃತ್ತ ಕ್ಯಾಷಿಯರ್ · 
359.74 ಬಿಡಬೇಡಿ. ವಹಿವಾಟೇ ಅವರದ್ದಲ್ಲ ಅಂದ ಮೇಲೆ ಅದರ ಶುಲ್ಕ ಅವರದ್ದು ಆಗುವುದು ಹೇಗೆ?

ಪೆರ್ಲದ ಭಾವ · 
ಅಕ್ಕ, ಒಂದು ಕೇಳಬೇಕಿತ್ತು. ಆ 1,180ರ ಬ್ಲೇಡ್ ಹೇಗುಂಟು? ನಮ್ಮ ತೋಟದಲ್ಲಿ ಹುಲ್ಲು ಸೊಂಟಕ್ಕೆ ಬಂದಿದೆ.

ಮಲ್ಲಿಗೆಬಳ್ಳಿ · 
ಚೆನ್ನಾಗಿ ಕೊಚ್ಚುತ್ತದೆ ಭಾವ. ತರಿಸಿ. ಗುರುಗ್ರಾಮ ಅಂತ ಬಂದರೆ ಮಾತ್ರ ಕಾರ್ಡ್ ಬ್ಲಾಕ್ ಮಾಡಬೇಡಿ.